ಕಣಜದ ಬೀಗದ ಕೈ ಯಾರಲ್ಲಿ?

ಆಪತ್ತು ಹೇಳಿ ಬರುವುದಿಲ್ಲ ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಆದರೆ ಅದು ಎಂದಾದರೊಂದು ದಿನ ಬಂದೇ ಬರುತ್ತದೆ ಎಂದು ತಿಳಿದ ಮೇಲೆ ಅದಕ್ಕೆ ಸಿದ್ಧರಾಗಿರುವುದು ಯಾರ ಹೊಣೆ ಎಂಬುದನ್ನು ಕುಳಿತು ವಿಚಾರಿಸುವುದು ಅಪರೂಪ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಗಳಲ್ಲಿ ಬಾಳುತ್ತಿರುವ ನಮಗೆ ಇದು ಪುಸ್ತಕದ ವಿಚಾರವಲ್ಲ. ಮಳೆ ಒಂದು ವರ್ಷ ಕೈಕೊಟ್ಟರೆ, ಹೈದರಾಬಾದಿನ ಹೆದ್ದಾರಿ ಒಂದು ತಿಂಗಳು ಮುಚ್ಚಿದರೆ, ವಿದ್ಯುತ್ತು ಒಂದು ವಾರ ನಿಂತರೆ ಈ ಸೀಮೆ ತನ್ನ ಕಾಲ ಮೇಲೆ ಎಷ್ಟು ದಿನ ನಿಲ್ಲಬಲ್ಲದು? ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ಜೋಳ, ನೀರು, ಬಾವಿಗಳ ಮಾತೇಕೆ ಎಂದು ಯಾರಾದರೂ ಕೇಳಬಹುದು. ನುಡಿಯನ್ನು ಆಡುವ ಜನ ಊರಿನಲ್ಲಿ ಉಳಿದರೆ ತಾನೇ ನುಡಿ ಉಳಿಯುವುದು? ಹಸಿದು ಗುಳೆ ಹೊರಟ ಮನೆಯ ಹಿಂದೆಯೇ ಆ ಮನೆಯ ಮಾತೂ ಹೊರಟು ಹೋಗುತ್ತದೆ.

‘ಸ್ವಾವಲಂಬನೆ’ ಎಂಬುದು ಈಗ ಎಲ್ಲೆಡೆ ಕೇಳಿಬರುವ ಶಬ್ದ. ಅದನ್ನು ಬಿಡಿಸಿ ನೋಡಿದರೆ ಮೊದಲ ಅಕ್ಷರದಲ್ಲೇ ತೊಡಕು ಎದುರಾಗುತ್ತದೆ. ಈ ‘ಸ್ವ’ ಯಾರು? ಒಬ್ಬ ವ್ಯಕ್ತಿಯೇ, ಒಂದು ಮನೆಯೇ, ಒಂದು ಊರೇ, ಇಡೀ ನಾಡೇ? ಒಂದು ಮನೆಯಲ್ಲಿ ಎರಡು ವರ್ಷಕ್ಕಾಗುವಷ್ಟು ಜೋಳವಿದೆ, ಪಕ್ಕದ ಮನೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು ಮಾತ್ರ ಇದೆ ಎನ್ನೋಣ. ಎರಡನ್ನೂ ಕೂಡಿ ಸರಾಸರಿ ತೆಗೆದರೆ ಎರಡು ಮನೆಗಳಿಗೂ ಒಂದು ವರ್ಷದ ದವಸವಿದೆ ಎಂದು ಲೆಕ್ಕ ಬರುತ್ತದೆ. ಲೆಕ್ಕವೇನೋ ಸರಿಯೇ. ಆದರೆ ಐದನೆಯ ದಿನ ಎರಡನೆಯ ಮನೆಯ ಮಕ್ಕಳು ಆ ಸರಾಸರಿಯನ್ನು ಉಣ್ಣಲಾರರು. ಅಂಥ ಊರನ್ನು ಸ್ವಾವಲಂಬಿ ಎಂದು ಕರೆಯಬಹುದೇ ಎಂಬುದೇ ನಾವು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಮೊದಲು ನಮ್ಮಲ್ಲಿ ಏನಿದೆ ಎಂಬುದನ್ನು ನೋಡೋಣ. 1956ರ ನವೆಂಬರ್ 1ರ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರ ಪ್ರದೇಶದ ಪಾಲಾದವು. ಈಗ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಗಡಿಯ ಗೆರೆ ಎತ್ತ ಸರಿದರೂ ಮಣ್ಣು ಮಾತ್ರ ಇದ್ದಲ್ಲಿಯೇ ಇದೆ. ಎರೆಭೂಮಿ ಉಳ್ಳ ಕಡೆ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ. ಕೆಂಪು ನೆಲದಲ್ಲಿ ತೊಗರಿ, ಹೆಸರು, ಉದ್ದು, ನವಣೆ, ಸಾಮೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅದೇ ಸೀಮೆಯ ನೆಲದಡಿಯ ಹಾಸುಗಲ್ಲು ದೂರದೂರದ ಮನೆಗಳ ನೆಲವಾಗಿದೆ. ಹಿಂಗಾರಿನಲ್ಲಿ ನೆಲದ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಬೆಳೆಯುವ ಬೆಳೆಗಳನ್ನು ಜಹೀರಾಬಾದಿನ ಸುತ್ತಲಿನ ರೈತ ಮಹಿಳೆಯರು ತೆಲುಗಿನಲ್ಲಿ ‘ಸತ್ಯಂ ಪಂಟಲು’ ಎನ್ನುತ್ತಾರೆ. ಸತ್ಯದ ಬೆಳೆಗಳು ಎಂದು ಅದರ ಅರ್ಥ. ಕೊಳವೆಬಾವಿಯನ್ನೂ ಗೊಬ್ಬರದ ಚೀಲವನ್ನೂ ಕೇಳದೆ ಕೊಟ್ಟ ಮಾತಿಗೆ ನಡೆದುಕೊಳ್ಳುವ ಬೆಳೆಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದಿದ್ದೀತು?

ಲೆಕ್ಕದ ಇನ್ನೊಂದು ಪುಟವೂ ಇದೆ. ಉಪ್ಪು, ಔಷಧ, ಡೀಸೆಲ್ ಹೊರಗಿನಿಂದಲೇ ಬರಬೇಕು. ಜೋಳ ತಿನ್ನುತ್ತಿದ್ದ ಮನೆಗಳು ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಒಗ್ಗಿಹೋಗಿವೆ. ಮಂಜೀರಾ ನದಿಗೆ ಸಿಂಗೂರಿನಲ್ಲಿ ಕಟ್ಟಿದ ಜಲಾಶಯ ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಹೈದರಾಬಾದ್ ನಗರಕ್ಕೆ ಕುಡಿಯುವ ನೀರು ಒದಗಿಸುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ನಾರಾಯಣಖೇಡ್ ಸೀಮೆಯ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿಯುತ್ತಿದ್ದಂತೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಪರಸ್ಥಳಕ್ಕೆ ಹೊರಡುತ್ತವೆ. ಬೆಳೆಯುವ ಕೈಗಳು ಇಲ್ಲಿವೆ, ದುಡಿಮೆ ಬೇರೆಲ್ಲೋ ಇದೆ. ಹೀಗೆ ನೋಡಿದರೆ ನಾವು ಒಂದೇ ಸಮಯಕ್ಕೆ ಸಮೃದ್ಧರೂ ಹೌದು, ಪರಾಧೀನರೂ ಹೌದು.

ನಮ್ಮ ಆಸುಪಾಸಿನಲ್ಲೇ ನಡೆದ ಮೂರು ಆಪತ್ತುಗಳು ಈ ಸ್ಥಿತಿಯನ್ನು ತೆರೆದು ತೋರಿಸಿವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸೀಮೆ ಭೂಕಂಪಕ್ಕೆ ತುತ್ತಾಯಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳೂ ಭಾರದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಮಂದಿ ಮಡಿದರು. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಅದೇ ಬಗೆಯವು. ಅಂಥ ಹೊತ್ತಿನಲ್ಲಿ ಮೊದಲ ಕೆಲವು ಗಂಟೆ ಕೈಹಿಡಿಯುವವರು ನೆರೆಮನೆಯವರೇ ಹೊರತು ದೂರದ ಪಡೆಯಲ್ಲ. ಎರಡನೆಯದು 2016ರ ಬರ. ಮಂಜೀರಾ ಕಣಿವೆಯ ಮೇಲ್ಭಾಗದ ಲಾತೂರಿಗೆ ಆ ಏಪ್ರಿಲ್‌ನಲ್ಲಿ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅದೇ ಬೇಸಿಗೆಯಲ್ಲಿ ಸಿಂಗೂರೂ ಬತ್ತಿತು. ಹೈದರಾಬಾದ್ ಕೃಷ್ಣಾ, ಗೋದಾವರಿ ನೀರಿನ ಕಡೆ ತಿರುಗಿತು. ನಗರಕ್ಕೆ ಆತುಕೊಳ್ಳಲು ಬೇರೆ ನದಿಗಳಿದ್ದವು. ಬತ್ತಿದ ನದಿಯ ದಂಡೆಯ ಹಳ್ಳಿಗೆ ಬೇರೆ ಯಾವುದಿತ್ತು? ಮೂರನೆಯದು 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದ ಕಾಲ. ದುಡಿಯಲು ಹೋದವರು ಹೋದಲ್ಲೇ ಸಿಕ್ಕಿಬಿದ್ದರು; ಊರಿನಲ್ಲಿದ್ದವರು ಮಾರಾಟವಾಗದ ತರಕಾರಿಯನ್ನು ಹೊಲದಲ್ಲೇ ಬಿಟ್ಟರು. ಒಂದೆಡೆ ಕೊಳ್ಳುವವರಿಲ್ಲದ ಬೆಳೆ, ಇನ್ನೊಂದೆಡೆ ಉಣ್ಣಲಿಲ್ಲದ ಹೊಟ್ಟೆ.

ಈ ವಿಪರ್ಯಾಸ ಹೊಸದೇನಲ್ಲ. ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಕ್ಷಾಮದ ಕುರಿತ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ, ಜನ ಸಾಯುವುದು ಅನ್ನ ಇಲ್ಲದ್ದರಿಂದ ಮಾತ್ರವಲ್ಲ, ಇರುವ ಅನ್ನವನ್ನು ಪಡೆಯುವ ಅಧಿಕಾರ ಕಳೆದುಕೊಂಡಾಗಲೂ ಸಾಯುತ್ತಾರೆ ಎಂದು ವಾದಿಸಿದರು. ಈ ಮಾತನ್ನು ಒಪ್ಪಿದರೆ ನಮ್ಮ ಪ್ರಶ್ನೆಯೂ ಬದಲಾಗುತ್ತದೆ. ಕಣಜದಲ್ಲಿ ಎಷ್ಟಿದೆ ಎಂದು ಕೇಳಿದರೆ ಸಾಲದು. ಅದರ ಬೀಗದ ಕೈ ಯಾರಲ್ಲಿದೆ ಎಂದೂ ಕೇಳಬೇಕಾಗುತ್ತದೆ.

ಹಿಂದಿನವರು ಕಾಪಿಡುವ ವಿದ್ಯೆಯನ್ನು ಅರಿಯದವರಲ್ಲ. ಎರೆಭೂಮಿಯಲ್ಲಿ ಆಳವಾದ ಹಗೇವು ತೋಡಿ, ಸುತ್ತ ಕಣಿಕೆ, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಮೊದಲು ದೀಪ ಇಳಿಬಿಡಬೇಕು, ದೀಪ ಆರಿದರೆ ಮನುಷ್ಯನೂ ಉಸಿರುಕಟ್ಟುತ್ತಾನೆ ಎಂಬ ಎಚ್ಚರ ಅವರಿಗಿತ್ತು. ಧಾತು–ಈಶ್ವರ ಸಂವತ್ಸರಗಳ ಬರದಂಥ, ಎಂದರೆ 1876–78ರ ಕ್ಷಾಮದಂಥ, ಕಾಲವನ್ನು ದಾಟಿ ಬಂದವರ ವಂಶದವರು ನಾವು. ಆದರೆ ಹಳೆಯದನ್ನು ನೆನೆಯುವಾಗ ಅರ್ಧ ನೆನಪು ಸಲ್ಲದು. ಹಗೇವು ಇದ್ದದ್ದು ಹೊಲವಿದ್ದವರಿಗೆ. ಹೊಲವಿಲ್ಲದವರು ಅದರ ಬಾಯಿಯ ಬಳಿ ಮೊರ ಹಿಡಿದು ನಿಂತು, ಒಂದು ಚೀಲ ಪಡೆದು ಸುಗ್ಗಿಯಲ್ಲಿ ಒಂದೂವರೆ ಚೀಲ ಅಳೆಯುತ್ತಿದ್ದರು. ಅಳೆಯಲಾಗದವರು ಮಗನನ್ನು ಜೀತಕ್ಕೆ ಬಿಡುತ್ತಿದ್ದರು. ಹೀಗೆ ಒಬ್ಬನ ಮುಂಜಾಗ್ರತೆಯೇ ಇನ್ನೊಬ್ಬನ ದಾಸ್ಯಕ್ಕೆ ದಾರಿಯಾಗುತ್ತಿತ್ತು.

ಬೀದರಿನ ನೆರಳಿನಲ್ಲಿ ಬೆಳೆದ ನಮಗೆ ದಾಮಾಜಿಪಂತರ ಕಥೆ ಚಿರಪರಿಚಿತ. ಬೀದರಿನ ಸುಲ್ತಾನನ ಅಧಿಕಾರಿಯಾಗಿ ಮಂಗಳವೇಢೆಯಲ್ಲಿದ್ದ ಅವರು ಭೀಕರ ಕ್ಷಾಮದಲ್ಲಿ ಅಪ್ಪಣೆಗೆ ಕಾಯದೆ ಸರ್ಕಾರದ ಕಣಜ ತೆರೆದು ಹಸಿದವರಿಗೆ ಹಂಚಿದರಂತೆ. ಸುಲ್ತಾನ ಕರೆಸಿದಾಗ ವಿಠ್ಠಲನೇ ಊರ ಸೇವಕನ ವೇಷದಲ್ಲಿ ಬೀದರಿಗೆ ಬಂದು ದವಸದ ಹಣ ಎಣಿಸಿಕೊಟ್ಟು ರಶೀದಿ ಪಡೆದನೆಂದು ಭಕ್ತರು ಹೇಳುತ್ತಾರೆ. ದಾಮಾಜಿಪಂತರ ಮಹಿಮೆಗೆ ನಾವು ತಲೆಬಾಗುತ್ತೇವೆ. ಆದರೆ ಕಥೆಯನ್ನು ಕಣಜದ ಹೊರಗೆ ನಿಂತವರ ಕಡೆಯಿಂದಲೂ ಓದಬೇಕು. ಬೀಗದ ಕೈ ಸಂತನೊಬ್ಬನ ಕೈಯಲ್ಲಿದ್ದುದರಿಂದ ಅವರು ಉಳಿದರು. ಸಂತನಲ್ಲದವನ ಕೈಯಲ್ಲಿದ್ದ ಊರುಗಳ ಕಥೆಯನ್ನು ಹಾಡಲು ಯಾರೂ ಉಳಿಯಲಿಲ್ಲ. ಆಪತ್ಕಾಲಕ್ಕೆ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಾನು ಎಂದು ನೆಚ್ಚಿ ಕುಳಿತುಕೊಳ್ಳುವುದು ಭಕ್ತಿ ಇರಬಹುದು, ಸಿದ್ಧತೆಯಲ್ಲ.

ಹಾಗಾದರೆ ಸಿದ್ಧತೆ ಯಾವುದು? ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಜಹೀರಾಬಾದಿನ ಪಕ್ಕದ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ದುಡಿದವರು; 2023ರ ಮಾರ್ಚ್ 19ರಂದು ತೀರಿಕೊಂಡರು. ಕನ್ನಡ ನಾಡಿನಿಂದ ಬಂದ ಒಬ್ಬರು ತೆಲುಗು ಮಾತಾಡುವ ದಲಿತ ಮಹಿಳೆಯರ ಜೊತೆ ಬಾಳನ್ನು ಸವೆಸಿದ್ದು ನಮ್ಮಂಥ ಗಡಿ ಸಂಘಗಳು ನೆನೆಯಬೇಕಾದ ಸಂಗತಿ. ಹಳ್ಳಿ ಹಳ್ಳಿಗಳಲ್ಲಿ ಮಹಿಳೆಯರ ‘ಸಂಘಂ’ಗಳು ನೆಲೆಗೊಂಡವು. ಸದಸ್ಯರಲ್ಲಿ ಹೆಚ್ಚಿನವರು ಒಂದೆರಡು ಎಕರೆ ಬರಡು ಭೂಮಿಯುಳ್ಳವರು. ಉಳಲು ಎತ್ತಿಲ್ಲದೆ, ಹಾಕಲು ತಿಪ್ಪೆಗೊಬ್ಬರವಿಲ್ಲದೆ ಆ ನೆಲ ಬೀಳು ಬಿದ್ದಿತ್ತು.

1990ರ ದಶಕದ ನಡುವಿನಲ್ಲಿ ಅವರು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನೊಡನೆ ಒಂದು ಏರ್ಪಾಡಿಗೆ ಕೈಹಾಕಿದರು. ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಮಿಕ್ಕಿದ ಬೀಳು ಭೂಮಿಗೆ ಉಳುಮೆ, ಗೊಬ್ಬರಕ್ಕೆಂದು ಸಾಲ ಕೊಟ್ಟರು. ಸಾಲ ತೀರಿಸಬೇಕಾದದ್ದು ಹಣದಲ್ಲಲ್ಲ, ಕೆಲವು ವರ್ಷಗಳ ಕಾಲ ಜೋಳದಲ್ಲಿ. ಆ ಜೋಳ ಜಿಲ್ಲಾ ಕೇಂದ್ರದ ಗೋದಾಮಿಗೆ ಹೋಗದೆ ಆಯಾ ಊರಲ್ಲೇ, ಬೇವಿನೆಲೆ, ಬೂದಿಯ ರಕ್ಷಣೆಯಲ್ಲಿ, ಸಮುದಾಯದ ಕಣಜವಾಗಿ ಉಳಿಯಿತು. ಮಳೆಗಾಲದ ಹಸಿವಿನ ತಿಂಗಳುಗಳಲ್ಲಿ ಪೇಟೆಯ ಬೆಲೆಗಿಂತ ಕಡಿಮೆ ಬೆಲೆಗೆ ಊರಿನ ಬಡವರಿಗೆ ಅದನ್ನು ಕೊಟ್ಟರು. ಬಡವರು ಯಾರೆಂದು ನಿರ್ಧರಿಸಿದ್ದು ಕಚೇರಿಯ ಪಟ್ಟಿಯಲ್ಲ. ಊರವರೇ ಕೂಡಿ ಕುಳಿತು ಮನೆಗಳನ್ನು ಐದು ದರ್ಜೆಗಳಲ್ಲಿ ಹೊಂದಿಸಿದರು. ತೀರ ಬಡ ಮನೆಗೆ ಹೆಚ್ಚು ಪಾಲು, ಅದಕ್ಕಿಂತ ಮೇಲಿನದಕ್ಕೆ ಕಡಿಮೆ. ಬಂದ ಹಣ ಮತ್ತೆ ಬೀಳು ಭೂಮಿಗೇ ಹೋಯಿತು. ಬಿತ್ತನೆ ಬೀಜಕ್ಕೂ ಇದೇ ನೀತಿ: ಪಡೆದದ್ದಕ್ಕಿಂತ ಒಂದಿಷ್ಟು ಹೆಚ್ಚು ಬೀಜವನ್ನು ಸುಗ್ಗಿಯಲ್ಲಿ ಹಿಂದಿರುಗಿಸುವುದು.

ಈ ಏರ್ಪಾಡು ಹಸಿವನ್ನು ನೀಗಿತು ಎಂಬುದಷ್ಟೇ ನಮ್ಮ ಗಮನ ಸೆಳೆಯಬೇಕಾದ ಅಂಶವಲ್ಲ. ಹಗೇವಿನ ಬಾಯಿಯ ಬಳಿ ಮೊರ ಹಿಡಿದು ನಿಂತವರ ಮೊಮ್ಮಕ್ಕಳು ಇಲ್ಲಿ ಕಣಜದ ಕಾವಲಿಗೆ ನಿಂತರು. ಯಾರು ಮೊದಲು ಹಸಿಯುವರೋ ಅವರ ಕೈಗೇ ಬೀಗದ ಕೈ ಬಂದಿತು. 2020ರ ಸಂಕಟದಲ್ಲಿ ಇದೇ ಮಹಿಳೆಯರು ತಮ್ಮ ದವಸದಲ್ಲಿ ಪಾಲು ತೆಗೆದು ಇಲ್ಲದವರಿಗೆ ಕೊಟ್ಟರು. ಜಹೀರಾಬಾದಿನಲ್ಲಿ ಆರೋಗ್ಯ, ಪೊಲೀಸ್ ಸಿಬ್ಬಂದಿಗೆ ಸಿರಿಧಾನ್ಯದ ಅಂಬಲಿ ಕಾಸಿ ಹಂಚಿದರು. ಕಲ್ಯಾಣದ ಶರಣರು ದಾನಕ್ಕೂ ದಾಸೋಹಕ್ಕೂ ಅಂತರವಿದೆ ಎಂದು ತಿಳಿಸಿದ್ದು ಇಂಥದನ್ನೇ ಕುರಿತು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೈ ಮೇಲು ಕೆಳಗೆಂಬುದಿಲ್ಲ. ಕಾಯಕದಿಂದ ಬಂದದ್ದು ಸಮುದಾಯಕ್ಕೆ ಸಲ್ಲುತ್ತದೆ, ಅಷ್ಟೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ದೊರೆತಾಗ ಜಗತ್ತು ಗುರುತಿಸಿದ್ದು ನಮ್ಮ ನೆರೆಹೊರೆಯ ಈ ಕಾಯಕವನ್ನೇ.

ಇಷ್ಟು ಹೇಳಿದ ಮೇಲೆ ಎದುರುವಾದಗಳನ್ನೂ ಆಲಿಸಬೇಕು. ಮೊದಲನೆಯದು ಗಂಭೀರವಾದದ್ದು. ಊರು ತನ್ನನ್ನು ತಾನೇ ನೋಡಿಕೊಳ್ಳಲಿ ಎಂದರೆ ಸರ್ಕಾರ ಕೈತೊಳೆದುಕೊಳ್ಳಲು ನೆಪ ಕೊಟ್ಟಂತಾಗದೇ? ಈ ಭಯ ನಿರಾಧಾರವಲ್ಲ. ಉಳ್ಳವರಿಗೆ ನೆರವು, ಇಲ್ಲದವರಿಗೆ ಸ್ವಾವಲಂಬನೆಯ ಉಪದೇಶ ಎಂಬುದು ಲೋಕದಲ್ಲಿ ನಡೆದುಬಂದ ರೂಢಿ. ಆದರೆ ರಾಜಧರ್ಮದ ಹಳೆಯ ಮಾತೂ ಹಾಗೆ ಹೇಳುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದ ಅರ್ಧ ಭಾಗವನ್ನು ಜನಪದದ ಆಪತ್ತಿಗೆಂದು ತೆಗೆದಿಟ್ಟು ಉಳಿದರ್ಧವನ್ನು ಮಾತ್ರ ಬಳಸಬೇಕು, ಹಳತನ್ನು ತೆಗೆದು ಹೊಸತನ್ನು ತುಂಬುತ್ತಿರಬೇಕು ಎಂದು ವಿಧಿಸುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯಿದೆ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಪ್ರತಿ ಜಿಲ್ಲೆಗೂ ಪ್ರಾಧಿಕಾರವಿರಬೇಕು, ಯೋಜನೆಯಿರಬೇಕು ಎನ್ನುತ್ತದೆ. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿದೆ. ಪಸ್ತಾಪುರದ ಪ್ರಯೋಗಕ್ಕೂ ಸರ್ಕಾರದ ಹಣವೇ ಮೊದಲ ಆಸರೆಯಾಯಿತು. ಬೇಸಾಯ, ಕಾಪು, ಹಂಚಿಕೆ ಊರಿನದಾದವು. ಹಾಗಾಗಿ ಊರಿನ ಸಿದ್ಧತೆ ಸರ್ಕಾರದ ಹೊಣೆಗೆ ಬದಲಿಯಲ್ಲ. ಆ ಹೊಣೆ ಊರಿನ ಕೊನೆಯ ಮನೆಯವರೆಗೆ ತಲುಪುವ ದಾರಿ. ಲಾರಿ ಬರುವ ತನಕ ಬದುಕಿರುವವನಿಗೆ ಮಾತ್ರ ಲಾರಿ ಏಕೆ ತಡವಾಯಿತೆಂದು ಕೇಳುವ ಶಕ್ತಿಯಿರುತ್ತದೆ.

ಎರಡನೆಯ ವಾದ ನಮ್ಮ ಮಕ್ಕಳದು. ಜೋಳ, ಸಾಮೆ ಬೆಳೆದು ಹೊಟ್ಟೆ ತುಂಬೀತು. ಕಾಲೇಜಿನ ಶುಲ್ಕ, ಆಸ್ಪತ್ರೆಯ ಖರ್ಚು ಎಲ್ಲಿಂದ ಬರಬೇಕು ಎಂದು ಅವರು ಕೇಳುತ್ತಾರೆ. ಕಬ್ಬು, ಹತ್ತಿಗೆ ತಿರುಗಿದವರನ್ನು ಹಳಿಯುವ ಅಧಿಕಾರ ನಮಗಿಲ್ಲ. ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ಸುಮಾರು 12,600 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ರೂಪುಗೊಳ್ಳುವ ಯೋಜನೆಯಾಗಿದೆ. ಉದ್ಯೋಗ ಬಂದರೆ ಗುಳೆ ತಪ್ಪೀತು ಎಂಬ ಆಸೆ ಒಂದು ಕಡೆ, ನೆಲ ಹೋದರೆ ಮರಳಿ ಬಾರದೆಂಬ ಅಳಲು ಇನ್ನೊಂದು ಕಡೆ. ಎರಡನ್ನೂ ತೂಗುವವರು ಒಂದು ಕಲ್ಲನ್ನು ತಕ್ಕಡಿಗೆ ಹಾಕಲು ಮರೆಯಬಾರದು. ಎಕರೆಗೆ ಬರುವ ಪರಿಹಾರದ ಲೆಕ್ಕದಲ್ಲಿ ಆ ಎಕರೆ ಬರಗಾಲದಲ್ಲಿ ಕೊಡುತ್ತಿದ್ದ ಕಡಲೆ, ಜೋಳ, ಮೇವು, ಬೀಜ ಇವುಗಳ ಬೆಲೆ ಸೇರಿರುವುದಿಲ್ಲ. ಹಣಕ್ಕೂ ಆಪತ್ತಿನಲ್ಲಿ ಬೆಲೆಯಿದೆ, ಅಂಗಡಿ ತೆರೆದಿರುವವರೆಗೆ. ಮನೆಯ ಎಲ್ಲ ನೆಲವನ್ನೂ ಒಂದೇ ಬೆಳೆಗೆ, ಊರಿನ ಎಲ್ಲ ನೆಲವನ್ನೂ ಒಂದೇ ಆಸೆಗೆ ಒಪ್ಪಿಸದಿರುವುದು ವಿವೇಕ. ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರು ಈ ಪಾಠವನ್ನು ನೆಲದ ಮೇಲೆಯೇ ಬರೆದಿದ್ದರು.

ಮೂರನೆಯ ವಾದ: ಸ್ವಾವಲಂಬನೆ ಎಂದರೆ ಬಾಗಿಲು ಮುಚ್ಚಿಕೊಳ್ಳುವುದಲ್ಲವೇ? ನಮ್ಮ ಸೀಮೆಯ ಭೂಗೋಳವೇ ಇದಕ್ಕೆ ಉತ್ತರ ಹೇಳುತ್ತದೆ. ಮಂಜೀರಾ ಮಹಾರಾಷ್ಟ್ರದಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾಯ್ದು ನಮ್ಮಲ್ಲಿಗೆ ಬರುತ್ತದೆ. ತಾಂಡೂರಿನ ಕಾಗಿಣಾ ನಮ್ಮಿಂದ ಹೊರಟು, ಕವಿರಾಜಮಾರ್ಗ ಹುಟ್ಟಿದ ಮಳಖೇಡದ ಬದಿಯಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಮೇಲಿನವರು ನೀರು ತಡೆದರೆ ನಾವು ಬಾಡುತ್ತೇವೆ. ನಾವು ಹೊಳೆ ಕೆಡಿಸಿದರೆ ಕೆಳಗಿನವರು ಕುಡಿಯಲಾರರು. ಯಾವ ಊರೂ ಪೂರ್ತಿಯಾಗಿ ತನಗೆ ತಾನೇ ಸಾಲದು. ಭಿಕ್ಷೆ ಬೇಡುವ ಸಂಬಂಧವೂ ಬೇಡ, ಗೋಡೆ ಕಟ್ಟುವ ಹಟವೂ ಬೇಡ. ಕೊಡಲು ಒಂದಿಷ್ಟು ಉಳ್ಳವರಾಗಿ, ತಲೆ ತಗ್ಗಿಸದೆ ಪಡೆಯಬಲ್ಲವರಾಗಿ ಇರುವುದೇ ನಾವು ಬಯಸಬೇಕಾದ ಸ್ಥಿತಿ.

ಇನ್ನು ನಮ್ಮ ಸಂಘದ ಪಾಲಿನ ಕೆಲಸ. ಆಪತ್ತಿನಲ್ಲಿ ಅನ್ನ, ನೀರುಗಳಷ್ಟೇ ಬೇಕಾದದ್ದು ತಿಳಿಯುವ ಮಾತು. ಗಡಿಯ ಹಳ್ಳಿಗಳಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ, ಲಂಬಾಣಿ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಎಚ್ಚರಿಕೆಯ ಪ್ರಕಟಣೆ ಒಂದೇ ಭಾಷೆಯಲ್ಲಿ ಬಂದರೆ ಓದು ಬಾರದ ಅಜ್ಜಿಗೆ ಅದು ಬರಿಯ ಸದ್ದು. ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಆರಂಭವಾದ ಸಂಘಂ ರೇಡಿಯೋ ಹಳ್ಳಿಯ ಮಹಿಳೆಯರೇ ನಡೆಸುವ ಬಾನುಲಿ. ಊರಿನ ಆಡುಮಾತಿನಲ್ಲಿ ಬೀಜ, ಬೇನೆ, ಹಾಡು, ಮಳೆಗಳ ಸುದ್ದಿ ಅದರಿಂದ ಹೊರಡುತ್ತದೆ. ದಿನವೂ ಕೇಳಿ ಪರಿಚಿತವಾದ ದನಿಯನ್ನು ಜನ ಆಪತ್ತಿನ ದಿನವೂ ನಂಬುತ್ತಾರೆ. ಕನ್ನಡ ಸಂಘವೊಂದು ತನ್ನ ಊರಿನ ಕನ್ನಡ ಮನೆಗಳ ಮುದುಕರು, ಬಾಣಂತಿಯರು, ಒಂಟಿಯಾಗಿರುವವರು ಯಾರೆಂದು ಅರಿತು, ಸರ್ಕಾರದ ಸೂಚನೆಯನ್ನು ಅವರ ಮಾತಿನಲ್ಲಿ ಮುಟ್ಟಿಸುವ ಹೊಣೆ ಹೊತ್ತರೆ ಅದೂ ಕನ್ನಡ ಸೇವೆಯೇ. ಅದು ಕನ್ನಡ ಮನೆಗಳಿಗೆ ನಿಲ್ಲದೆ ಪಕ್ಕದ ತಾಂಡಾಕ್ಕೂ ತಲುಪಿದರೆ ಆಗ ಕನ್ನಡದ ಮಾನ ಹೆಚ್ಚೀತು.

ಶಾಲೆಯಲ್ಲಿ ಬಾಳು ಕಳೆದವರಿಗೆ ಪ್ರಶ್ನೆಪತ್ರಿಕೆ ಬರೆಯುವ ಅಭ್ಯಾಸ ಬಿಡುವುದಿಲ್ಲ. ಆದ್ದರಿಂದ ಪ್ರತಿ ಊರೂ ತನಗೆ ತಾನೇ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಮುಂದಿಡುತ್ತೇವೆ. ವಿದ್ಯುತ್ತಿಲ್ಲದೆ ಹಗ್ಗ, ಕೊಡದಿಂದ ನೀರು ಸೇದಬಹುದಾದ ಬಾವಿ ಊರಿನಲ್ಲಿ ಎಷ್ಟಿವೆ? ಆ ಬಾವಿಗೆ ಎಲ್ಲ ಕೇರಿಯವರೂ ಕೊಡ ಹಿಡಿದು ಬರಬಲ್ಲರೇ? ಅಂಗಡಿಯಿಂದ ತರದೆ ಬಿತ್ತಬಹುದಾದ ಬೀಜ ಎಷ್ಟು ಮನೆಗಳಲ್ಲಿದೆ? ರಾತ್ರಿ ಹೆರಿಗೆ ನೋವು ಬಂದರೆ ವಾಹನವುಳ್ಳವರು ಯಾರು, ಅವರ ಬಾಗಿಲು ತಟ್ಟಲು ಯಾರಿಗೂ ಅಂಜಿಕೆಯಿಲ್ಲವೇ? ಗುಳೆ ಹೋದವರ ಮನೆಯ ಮುದುಕರಿಗೆ ಗಂಜಿ ಯಾರು ಕೊಡುತ್ತಾರೆ? ಕಡೆಯ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಅಂಕ: ಈ ಊರಿನಲ್ಲಿ ಮೊದಲು ಹಸಿಯುವ ಮನೆ ಯಾವುದೆಂದು ಊರಿಗೆ ಗೊತ್ತಿದೆಯೇ?

ಈ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದವಸದವು, ನೀರಿನವು, ಉಳಿದರ್ಧ ನಂಬಿಕೆಯವು. ಎರಡನೆಯದಿಲ್ಲದೆ ಮೊದಲನೆಯದು ಒದಗುವುದಿಲ್ಲ. ಕೇರಿ ಕೇರಿಗಳ ನಡುವೆ ಬಾವಿಯ ಹಗ್ಗವೇ ಬೇರೆಯಾಗಿರುವ ಊರು ಎಷ್ಟು ಜೋಳ ಬೆಳೆದರೂ ಆಪತ್ತಿನ ದಿನ ಒಂದು ಊರಾಗಿ ನಿಲ್ಲಲಾರದು. ಆ ನಂಬಿಕೆಯನ್ನು ಬಿತ್ತಬೇಕಾದದ್ದು ಮಳೆ ಚೆನ್ನಾಗಿ ಆದ ವರ್ಷದಲ್ಲಿ, ಕಣಜ ತುಂಬಿರುವ ಹೊತ್ತಿನಲ್ಲಿ. ಹಸಿವು ಬಂದ ಮೇಲೆ ಅಳೆಯಲು ಕುಳಿತರೆ ಕೊಳಗವೂ ಜಗಳದ ವಸ್ತುವಾಗುತ್ತದೆ. ಈ ವರ್ಷದ ಸುಗ್ಗಿಯಲ್ಲಿ ಪ್ರತಿ ಮನೆಯೂ ಊರ ಹೆಸರಿನಲ್ಲಿ ಒಂದು ಸೇರು ಜೋಳ ತೆಗೆದಿಡಲಿ. ಅದನ್ನು ಕಾಯುವ ಕೆಲಸವನ್ನು ಊರಿನ ಕಡೆಯ ಮನೆಯ ತಾಯಿಗೆ ಒಪ್ಪಿಸಲಿ. ನಮ್ಮ ಸೀಮೆಯ ಶಕ್ತಿ ಎಷ್ಟೆಂಬ ಲೆಕ್ಕವನ್ನು ಅಲ್ಲಿಂದ ಆರಂಭಿಸಬಹುದು.